ನುಡಿ ಫೈಲು, ಪೇಜ್‌ಮೇಕರ್, ಕ್ಯಾನನ್ 2900: ಇವನ್ನಿಟ್ಟುಕೊಂಡು ಲಿನಕ್ಸಿಗೆ ಬರಬಹುದಾ?

ಸಾಗರದ ಟೈಪಿಸ್ಟ್:
ಎಲ್ಲರಿಗೂ ನಮಸ್ಕಾರ. ತಾಲೂಕು ಕಚೇರಿ ಎದುರು ನನ್ನದೊಂದು ಟೈಪಿಂಗ್ ಅಂಗಡಿ. ಕ್ರಯಪತ್ರದ ಕರಡು, ಪಹಣಿ ತಿದ್ದುಪಡಿ ಅರ್ಜಿ, ಬಾಡಿಗೆ ಕರಾರು, ಗೃಹಪ್ರವೇಶದ ಕಾರ್ಡು, ಯಕ್ಷಗಾನದ ಹ್ಯಾಂಡ್‌ಬಿಲ್ಲು, ಬಂದದ್ದೆಲ್ಲ ಮಾಡ್ತೀನಿ. ಕಂಪ್ಯೂಟರ್ ಆರನೇ ಜನರೇಶನ್ ಐ3, 4 ಜಿಬಿ ರ‍್ಯಾಮ್, ವಿಂಡೋಸ್ 10. ಅದರ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗೀತು. 11 ಹಾಕೋಣ ಅಂದ್ರೆ ಇಂಟೆಲ್ ಎಂಟನೇ ಜನರೇಶನ್ನಾದ್ರೂ ಇರಬೇಕಂತೆ. ಮಿಷನ್ ಗಟ್ಟಿಯಾಗಿದೆ, ಎಸೆಯೋಕೆ ಮನಸ್ಸಿಲ್ಲ.

ಅಣ್ಣನ ಮಗ ಬೆಂಗಳೂರಲ್ಲಿ ಇಂಜಿನಿಯರು. "ಅತ್ತೆ, ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಹಾಕ್ಕೊಡ್ತೀನಿ, ಬ್ರೌಸರ್ ಹಾರತ್ತೆ ನೋಡು" ಅಂತಾನೆ. ಬ್ರೌಸರ್ ಹಾರಿದ್ರೆ ನನಗೆ ದುಡ್ಡು ಬರಲ್ಲ. ನನಗೆ ಬೇಕಾದ್ದು ಕನ್ನಡ ಟೈಪ್ ಮಾಡೋ ನುಡಿ ಕೀಲಿಮಣೆ, ವರ್ಷಗಟ್ಟಲೆ ಕೂಡಿಟ್ಟ ನುಡಿ ಫಾಂಟಿನ ಫೈಲುಗಳು, ಪುಟ ಜೋಡಿಸೋ ಪೇಜ್‌ಮೇಕರ್, ಕ್ಯಾನನ್ ಎಲ್‌ಬಿಪಿ 2900 ಪ್ರಿಂಟರ್. ಇವು ನಡೆಯತ್ತಾ? ಅಂಗಡಿ ನಡೆಸೋರು ಯಾರಾದ್ರೂ ಹೇಳಿ.

ಪೆಂಗ್ವಿನ್ ಪ್ರಿಯ:
ಯೋಚನೆ ಬೇಡ ಮೇಡಂ. ಮಿಂಟ್ 22ರ ಎಕ್ಸ್‌ಎಫ್‌ಸಿಇ ಅನ್ನೋ ಹಗುರ ಆವೃತ್ತಿ ಹಾಕಿಸಿ, 4 ಜಿಬಿ ಸಾಕು, 2029ರವರೆಗೆ ಅಪ್‌ಡೇಟ್ ಬರುತ್ತೆ. ಉಳಿದದ್ದಕ್ಕೆ, ವಿಂಡೋಸ್ ಪ್ರೋಗ್ರಾಂಗಳನ್ನು ಲಿನಕ್ಸಿನಲ್ಲಿ ಓಡಿಸೋ ವೈನ್ ಇದೆ.

ಅಚ್ಚುಮೊಳೆ:
ಮೇಲಿನವರ ಉತ್ಸಾಹಕ್ಕೆ ಸ್ವಲ್ಪ ತಡೆ ಹಾಕ್ತೀನಿ, ಬೇಜಾರಾಗಬೇಡಿ. ನಾನೂ ಡಿಟಿಪಿಯವನೇ, ಈಗ ದಿನದ ಕೆಲಸ ಮಿಂಟ್‌ನಲ್ಲೇ. ಮೇಡಂ, ನೀವು ಲಿನಕ್ಸಿಗೆ ಬರುವ ಮುಂಚೆ ಯೂನಿಕೋಡಿಗೆ, ಅಂದರೆ ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತಕ್ಕೆ, ಬರಬೇಕು. ಅದನ್ನು ವಿಂಡೋಸ್‌ನಲ್ಲಿ ಕೂತೇ ಮುಗಿಸಿ. ಆಮೇಲೆ ಲಿನಕ್ಸ್ ದೊಡ್ಡ ವಿಷಯವೇ ಅಲ್ಲ.

ಬೆರಳಿಗೆ ಹೊಸ ಪಾಠ ಬೇಕಿಲ್ಲ. ಮಿಂಟ್‌ನ ಸಾಫ್ಟ್‌ವೇರ್ ಮ್ಯಾನೇಜರಿನಲ್ಲಿ, ಕನ್ನಡ ಕೀಲಿಮಣೆ ಕೊಡುವ ಐಬಸ್-ಎಂ17ಎನ್ ಹಾಕಿಕೊಂಡು, ಕನ್ನಡದ ಪಟ್ಟಿಯಲ್ಲಿ 'ಕೆಜಿಪಿ' ಆರಿಸಿ. ಅದು ನುಡಿ ರೂಪಿಸಿದ ಕನ್ನಡ ಗಣಕ ಪರಿಷತ್ತಿನ ಕೀಲಿಮಣೆಯೇ, ಕೆ.ಪಿ. ರಾವ್ ಅವರ ವಿನ್ಯಾಸದಿಂದ ಬಂದದ್ದು. 'ಎಫ್' ಒತ್ತಿದರೆ ಅರ್ಧಾಕ್ಷರ, ಎಲ್ಲ ನೀವು ಬಲ್ಲ ಹಾಗೇ. ಆದರೆ ಅದರಿಂದ ಹೊರಡುವುದು ಯೂನಿಕೋಡ್ ಮಾತ್ರ.

ತೊಡಕಿರುವುದು ನಿಮ್ಮ ಹಳೇ ಫೈಲುಗಳಲ್ಲಿ. ಅವುಗಳೊಳಗೆ ಕನ್ನಡವೇ ಇಲ್ಲ. ಇರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳು. ನುಡಿ ಫಾಂಟು ಅವಕ್ಕೆ ಕನ್ನಡದ ವೇಷ ಹಾಕುತ್ತದೆ. ಆ ಫಾಂಟನ್ನು ಲಿನಕ್ಸಿಗೆ ಹಾಕಿದರೆ ಫೈಲು ತೆರೆದೀತು, ಪ್ರಿಂಟೂ ಆದೀತು. ಆದರೆ ಹೆಸರಿನ ಒಂದಕ್ಷರ ತಿದ್ದಲು ಹೋಗಿ: ಹೊಸದಾಗಿ ಒತ್ತಿದ್ದು ಯೂನಿಕೋಡ್, ಆ ಫಾಂಟಿನಲ್ಲಿ ಅದಕ್ಕೆ ಜಾಗವಿಲ್ಲ, ಬೇರಾವುದೋ ಫಾಂಟಿನ ಅಕ್ಷರ ಬಂದು ಕೂರುತ್ತದೆ.

ನುಡಿಯಲ್ಲೇ ಪರಿವರ್ತಕ ಇದೆ. ಎಲ್ಲ ಫೈಲುಗಳ ಗೊಡವೆ ಬೇಡ, ದಿನಾ ಬಳಸುವ ಮಾದರಿಗಳನ್ನಷ್ಟೇ ಬದಲಿಸಿ. ಮಾಡಿದ ಮೇಲೆ ಅರ್ಕಾವತ್ತು, ಒತ್ತಕ್ಷರ ನೋಡಿ. ಅದಕ್ಕಿಂತ ಮುಖ್ಯ, ನಡುವೆ ಬರುವ ಇಂಗ್ಲಿಷ್ ನೋಡಿ. ಬರೀ ಪಠ್ಯ ಅಂಟಿಸಿದಾಗ ಪರಿವರ್ತಕಕ್ಕೆ ಯಾವುದು ಯಾವ ಫಾಂಟಿನದೆಂದು ತಿಳಿಯುವುದಿಲ್ಲ. ನುಡಿ ಫಾಂಟಿನಲ್ಲಿ ಇಂಗ್ಲಿಷಿನ ದೊಡ್ಡ 'ಎ' (A) ಇರುವ ಜಾಗದಲ್ಲಿ ಅನುಸ್ವಾರ ಕೂತಿದೆ. ಹಾಗಾಗಿ ಇಂಗ್ಲಿಷ್ 'ಎ' ಹಾಕಿ ಟೈಪ್ ಮಾಡಿದ ಸರ್ವೆ ನಂಬರ್ 45/2ಎ ಪರಿವರ್ತನೆಯಾದ ಮೇಲೆ ಬರೀ ಸೊನ್ನೆಯಲ್ಲಿ ಮುಗಿಯಬಹುದು. ಕ್ರಯಪತ್ರದಲ್ಲಿ ಅದು ಕಣ್ತಪ್ಪಿದರೆ ಏನಾಗುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಪೇಜ್‌ಮೇಕರಿಗೆ ಯೂನಿಕೋಡ್ ಗೊತ್ತೇ ಇಲ್ಲ, ವಿಂಡೋಸ್‌ನಲ್ಲೂ ಅಷ್ಟೇ. ಅದರ ಬದಲಿಗೆ ಸ್ಕ್ರೈಬಸ್. 2024ರಲ್ಲಿ ಬಂದ 1.6ರಿಂದ ಮುಂದಿನದೇ ಹಾಕಿ, ಹಳೇ 1.4ರಲ್ಲಿ ಒತ್ತಕ್ಷರ ಚೆಲ್ಲಾಪಿಲ್ಲಿಯಾಗುತ್ತಿತ್ತು. ಲಿಬ್ರೆಆಫೀಸಿನ ಡ್ರಾ ಪೇಜ್‌ಮೇಕರ್ ಫೈಲನ್ನು ತೆರೆಯುತ್ತದೆ, ಸಾಲು ಅಲುಗಾಡುತ್ತದೆ. ಹಳೇ ಕಾರ್ಡುಗಳನ್ನು ಪಿಡಿಎಫ್ ಮಾಡಿಡಿ, ಗಿರಾಕಿ ಕೇಳಿದಾಗ ಹೊಸದಾಗಿ ಕಟ್ಟಿ.

ಸಾಗರದ ಟೈಪಿಸ್ಟ್:
45/2ಎ ಓದಿ ಎದೆ ಧಸಕ್ಕೆಂದಿತು ಸರ್. ಹಿಸ್ಸಾ ನಂಬರಿಗೆ ಒಮ್ಮೊಮ್ಮೆ ಕನ್ನಡ 'ಎ', ಒಮ್ಮೊಮ್ಮೆ ಇಂಗ್ಲಿಷ್, ಕೈಗೆ ಸಿಕ್ಕಿದ್ದು ಹಾಕಿರ್ತೀನಿ. ಮಾದರಿಗಳಲ್ಲಿ ನಂಬರಿನ ಜಾಗ ಖಾಲಿ ಬಿಟ್ಟೇ ಪರಿವರ್ತಿಸ್ತೀನಿ, ಸರೀನಾ? ಪೇಜ್‌ಮೇಕರಿಗೋಸ್ಕರ ವಿಂಡೋಸ್ ಒಂದು ಮೂಲೆಯಲ್ಲಿ ಉಳಿಸಿಕೊಂಡ್ರೆ? ಪ್ರಿಂಟರ್ ಬಗ್ಗೆ ಯಾರೂ ಬಾಯಿ ಬಿಟ್ಟಿಲ್ಲ.

ಅಚ್ಚುಮೊಳೆ:
ಖಾಲಿ ಬಿಡೋದೇ ಸರಿ. ವಿಂಡೋಸ್ ಇರಲಿ, ಎರಡೂ ಒಂದೇ ಡಿಸ್ಕಿನಲ್ಲಿ ಇರಬಹುದು. ಅದಕ್ಕೆ ಇಂಟರ್ನೆಟ್ ಕೊಡಬೇಡಿ, ಗಿರಾಕಿಗಳ ಪೆನ್‌ಡ್ರೈವೂ ಚುಚ್ಚಬೇಡಿ. ಡಿಸ್ಕ್ ಪಾಲು ಮಾಡುವ ಮುಂಚೆ ಎಲ್ಲ ಫೈಲು ಬೇರೆ ಡಿಸ್ಕಿಗೆ ನಕಲಾಗಿರಲಿ. ಪ್ರಿಂಟರ್ ನನ್ನದು ಬೇರೆ, ಬಲ್ಲವರು ಹೇಳಲಿ.

ಟೋನರ್ ಕೈ:
ರಿಪೇರಿಯವನು ನಾನು. 2900 ಗಟ್ಟಿ ಪ್ರಿಂಟರ್, ಆದರೆ ಅದಕ್ಕೆ ತಿಳಿಯುವುದು ಕ್ಯಾನನ್ನಿನದೇ ಆದ ಕ್ಯಾಪ್ಟ್ ಭಾಷೆ. ಸಾಮಾನ್ಯ ಡ್ರೈವರ್ ನಡೆಯಲ್ಲ. ಕಂಪನಿಯ ಲಿನಕ್ಸ್ ಡ್ರೈವರ್ ಇದೆ, ಹಳೇದು, 64 ಬಿಟ್ ಮಿಷನ್ನಿನಲ್ಲೂ 32 ಬಿಟ್ ಲೈಬ್ರರಿ ಕೇಳುತ್ತೆ. ಹವ್ಯಾಸಿಗಳು ಬರೆದ ಕ್ಯಾಪ್ಟ್‌ಡ್ರೈವರ್ ಅಂತ ಇನ್ನೊಂದಿದೆ. ಎರಡಕ್ಕೂ ಟರ್ಮಿನಲ್‌ನಲ್ಲಿ ಆದೇಶ ಟೈಪ್ ಮಾಡೋ ಕೆಲಸ ಉಂಟು, ಅದು ಬೆಂಗಳೂರಿನ ಹುಡುಗನ ತಲೆನೋವಾಗಲಿ.

ಇನ್‌ಸ್ಟಾಲ್ ಮಾಡೋ ಮುಂಚೆ ಮಿಂಟನ್ನು ಪೆನ್‌ಡ್ರೈವಿನಿಂದಲೇ ಓಡಿಸಿ, ನೀವಾಗಿ ಹೇಳುವವರೆಗೆ ಡಿಸ್ಕ್ ಮುಟ್ಟಲ್ಲ. ಅಲ್ಲೇ ಡ್ರೈವರ್ ಹಾಕಿ, ಲೀಗಲ್ ಸೈಜಿನಲ್ಲಿ ಎರಡು ಪುಟದ ಕನ್ನಡ ಪತ್ರ ತೆಗೆದು ನೋಡಿ, ಎ4 ಒಂದೇ ನೋಡಿ ಒಪ್ಪಬೇಡಿ. ಬರದಿದ್ದರೆ ಪೆನ್‌ಡ್ರೈವ್ ಕಿತ್ತು ಮಾಮೂಲಿನಂತೆ ಅಂಗಡಿ ನಡೆಸಿ.