ಬಸ್ತಿಯ ಕುಡಿತ: ಅಂಗಡಿ ಮುಚ್ಚಿಸೋಣವೋ, ಸಮಿತಿ ಕಟ್ಟೋಣವೋ?

ವಾರಜೆ ಅಕ್ಕ: ಪುಣೆಯ ನಮ್ಮ ಬಸ್ತಿಯಲ್ಲಿ ಕಲಬುರಗಿ, ಯಾದಗಿರಿ ಕಡೆಯವರೇ ಜಾಸ್ತಿ. ಎಲ್ಲರದ್ದೂ ಕಟ್ಟಡ ಕೆಲಸ. ಕುಡಿತ ಕೈ ಮೀರಿದೆ, ಹುಡುಗರ ಕೈಗೆ ಗಾಂಜಾನೂ ಬಂದಿದೆ. ಮಹಿಳಾ ಮಂಡಳ, ಪೊಲೀಸ್ ಚೌಕಿ, ಪಾಲಿಕೆ ದವಾಖಾನೆ, ಕೂಲಿ ಬಟವಾಡೆ ಮಾಡುವ ಮುಕಾದಮರು ಸೇರಿ ಒಂದು ಸಮಿತಿ ಮಾಡೋಣ ಅನ್ನುವ ಮಾತು ನಡೆದಿದೆ. ಏನಂತೀರಿ?

ಯಾದಗಿರಿ ತಮ್ಮ: ಸಮಿತಿ ಬೇಡ ಅಕ್ಕ. ಸಭೆ ಮಾಡುತ್ತಲೇ ವರ್ಷ ಹೋಗುತ್ತದೆ. ಮಹಾರಾಷ್ಟ್ರದಲ್ಲಿ ಹೆಂಗಸರು ಮತ ಹಾಕಿ ದಾರು ಅಂಗಡಿ ಮುಚ್ಚಿಸಬಹುದು. ‘ಆಡ್ವಿ ಬಾಟ್ಲಿ’, ಅಂದರೆ ಅಂಗಡಿ ಬೇಡ ಅನ್ನುವ ಅಡ್ಡ ಮಲಗಿದ ಬಾಟಲಿ ಗುರುತು ಗೆದ್ದರೆ ಅಂಗಡಿ ಬಂದ್. ಅದನ್ನು ಹಿಡಿಯಿರಿ.

ಹಡಪ್ಸರ್ ಮೇಸ್ತ್ರಿ: ಮುಚ್ಚಿಸಿ, ಬೇಡ ಅನ್ನಲ್ಲ. ಆದರೆ ಹಾತಭಟ್ಟಿ, ಅಂದರೆ ಕಳ್ಳಭಟ್ಟಿ ಸಾರಾಯಿ ಮಾರುವವನಿಗೆ ಲೈಸೆನ್ಸೇ ಇಲ್ಲ, ಅವನ ಮೇಲೆ ಮತ ಹೇಗೆ ಹಾಕುತ್ತೀರಿ? ನಾನು ಒಂಬತ್ತು ವರ್ಷ ಕುಡಿದವನು. ನಮ್ಮ ಬಟವಾಡೆ ಶನಿವಾರ ಸಂಜೆ, ದಾರು ಅಂಗಡಿ ಎದುರಿನ ಕಟ್ಟೆ ಮೇಲೆ. ನಾಲ್ಕು ಜನರ ಕೂಲಿ ಸೇರಿಸಿ ಐದುನೂರರ ನೋಟುಗಳಲ್ಲೇ ಕೊಡುತ್ತಿದ್ದರು. ಹಂಚಿಕೊಳ್ಳಲು ಚಿಲ್ಲರೆ ಬೇಕಲ್ವಾ? ಚಿಲ್ಲರೆ ಸಿಗುತ್ತಿದ್ದದ್ದು ಆ ಅಂಗಡಿಯಲ್ಲೇ, ಏನಾದರೂ ಕೊಂಡರೆ ಮಾತ್ರ. ಚಿಕಿತ್ಸೆ ಮುಗಿಸಿ ಬಂದ ಮೊದಲ ಶನಿವಾರವೂ ಅದೇ ಕಟ್ಟೆಗೆ ಹೋದೆ. ಆ ರಾತ್ರಿ ಮತ್ತೆ ಕುಡಿದೆ. ಮುಕಾದಮ ಇಲ್ಲದ ಸಮಿತಿ ಕಟ್ಟಬೇಡಿ.

ನರ್ಸ್ ಅತ್ತಿಗೆ: ಒಂದು ಮಾತು. ಗಂಡನನ್ನು ಕೋಣೆಯಲ್ಲಿ ಕೂಡಿ ಹಾಕಿ ಬಿಡಿಸುವುದು ಬೇಡವೇ ಬೇಡ. ದಿನಾ ಕುಡಿಯುವವರು ಒಮ್ಮೆಗೇ ಬಿಟ್ಟರೆ ಎರಡು ಮೂರು ದಿನದಲ್ಲಿ ಕೈ ನಡುಗುತ್ತದೆ, ಇಲ್ಲದ್ದೆಲ್ಲ ಕಾಣುತ್ತದೆ, ಫಿಟ್ಸ್ ಬರಬಹುದು. ಜೀವವೇ ಹೋಗಬಹುದು. ಡಾಕ್ಟರ್ ಕಣ್ಣಳತೆಯಲ್ಲೇ ಬಿಡಿಸಬೇಕು. ಯರವಡಾದಲ್ಲಿ ಮುಕ್ತಾಂಗಣ ಅನ್ನುವ ವ್ಯಸನ ಬಿಡಿಸುವ ಕೇಂದ್ರ ಇದೆ, ಡಾ. ಅನಿತಾ ಅವಚಟ್ ಮತ್ತು ಅನಿಲ್ ಅವಚಟ್ 1986ರಲ್ಲಿ ಶುರು ಮಾಡಿದ್ದು. ಹೋಗುವಾಗ ಮರಾಠಿ ಚೆನ್ನಾಗಿ ಬರುವ ನಮ್ಮವರೊಬ್ಬರು ಜೊತೆಗಿರಲಿ. ಎದೆಯೊಳಗಿನದ್ದನ್ನು ಅರೆಬರೆ ಭಾಷೆಯಲ್ಲಿ ಹೇಳಲು ಆಗುವುದಿಲ್ಲ.

ಯಾದಗಿರಿ ತಮ್ಮ: ಸರಿ ಅತ್ತಿಗೆ. ಆದರೆ ಪೊಲೀಸರು ಕೂತ ಕಡೆ ಗಾಂಜಾ ಹುಡುಗರು ಬರುತ್ತಾರಾ?

ನರ್ಸ್ ಅತ್ತಿಗೆ: ಭಯ ಇದ್ದೇ ಇರುತ್ತದೆ. ಅದಕ್ಕೇ ಹುಡುಗರ ಜೊತೆ ಕೂರುವಾಗ ಪೊಲೀಸರು ಬೇಡ, ಮಾರುವವರ ವಿಷಯಕ್ಕೆ ಮಾತ್ರ ಅವರು. ಮಾದಕ ವಸ್ತು ಕಾಯ್ದೆಯ 64ಎ ಕಲಂ ಇದೆ. ಸ್ವಲ್ಪವೇ ಇಟ್ಟುಕೊಂಡು ಸಿಕ್ಕ ವ್ಯಸನಿ ತಾನಾಗಿಯೇ ಚಿಕಿತ್ಸೆಗೆ ಬಂದು ಪೂರ್ತಿ ಮಾಡಿದರೆ ಆ ಕೇಸಿನಿಂದ ರಕ್ಷಣೆ ಸಿಗುತ್ತದೆ. ಇದನ್ನು ಚೌಕಿಯವರ ಬಾಯಲ್ಲೇ ತಾಯಂದಿರಿಗೆ ಹೇಳಿಸಿ. ವ್ಯಸನ ಬಿಡಿಸುವ ಸಹಾಯವಾಣಿ 14446 ಅನ್ನೂ ಗೋಡೆಗೆ ಬರೆಸಿ.

ವಾರಜೆ ಅಕ್ಕ: ಇವತ್ತು ಇಬ್ಬರು ಮುಕಾದಮರನ್ನು ಕೇಳಿದೆ. ಒಬ್ಬರು ಅಂಗನವಾಡಿ ಅಂಗಳದಲ್ಲಿ, ಹೆಂಡತಿಯರ ಎದುರಿಗೆ ಬಟವಾಡೆ ಮಾಡಲು ಒಪ್ಪಿದರು. ಇನ್ನೊಬ್ಬರು ಮಾತೇ ಆಡಲಿಲ್ಲ.

ಹಡಪ್ಸರ್ ಮೇಸ್ತ್ರಿ: ಆ ಇನ್ನೊಬ್ಬರ ಹತ್ತಿರ ನಾನು ಬರುತ್ತೇನೆ ಅಕ್ಕ. ಭಾನುವಾರ ಬೆಳಿಗ್ಗೆ.