‘ಅಯ್ಯೋ’ ಎಂದಾಗ ಕೇಳಿಸುವ ಭಾವ ಯಾವುದು?

ಪ್ರಶ್ನೆ: ಕಥೆಯೊಂದನ್ನು ತಿದ್ದುವಾಗ ಈ ಸಂದೇಹ ಹುಟ್ಟಿತು. ‘ಅಯ್ಯೋ, ಬಂದುಬಿಟ್ಟಿರಾ!’ ಎಂಬ ಮಾತಿನಲ್ಲಿರುವುದು ಸಂತೋಷವೋ ಗಾಬರಿಯೋ ಎಂಬುದನ್ನು ತಿಳಿಸಲು ಉದ್ಗಾರ ಚಿಹ್ನೆಯೊಂದೇ ಸಾಕೇ?

ಉತ್ತರ 1: ಸಾಲದು ಎಂದೇ ನನ್ನ ಅಭಿಪ್ರಾಯ. ಆ ಚಿಹ್ನೆ ಅಚ್ಚಿನೊಂದಿಗೆ ನಮ್ಮಲ್ಲಿಗೆ ಬಂದದ್ದು. ತಾಳೆಗರಿಯ ಕಾಲದ ಕವಿಗಳು ಅದರ ನೆರವಿಲ್ಲದೆಯೇ ‘ಅಕಟಕಟಾ’ ಎಂಬ ಇಮ್ಮಡಿಸಿದ ಪದದಿಂದ ಮರುಕವನ್ನೂ, ಸ್ವರವನ್ನು ಎಳೆದು ನುಡಿಯುವ ಪ್ಲುತದಿಂದ ದೂರದ ಕರೆಯನ್ನೂ ಕೇಳಿಸಿದರು. ನಿಮ್ಮ ವಾಕ್ಯದಲ್ಲಿ ಗಾಬರಿಯನ್ನು ತರುವುದು ಮುಖ್ಯವಾಗಿ ‘ಬಿಟ್ಟಿರಾ’ ಎಂಬ ಸಹಾಯಕ ಕ್ರಿಯಾಪದ. ಅದನ್ನು ಕೈಬಿಟ್ಟು ‘ಅಬ್ಬಾ, ಬಂದಿರಾ’ ಎಂದರೆ ಕಾದು ಕಾದು ಸಾಕಾದವರ ನೆಮ್ಮದಿ ಕೇಳಿಸುತ್ತದೆ. ‘ಓಹೋ, ಬಂದಿರಾ’ ಎಂದರೆ ಸಣ್ಣದೊಂದು ಚುಚ್ಚು.

ಉತ್ತರ 2: ಸಂಬೋಧನೆಯನ್ನೂ ಮರೆಯಬಾರದು. 12ನೆಯ ಶತಮಾನದ ಬಸವಣ್ಣನವರು ‘ಅಯ್ಯಾ’ ಎಂದರೆ ಸ್ವರ್ಗ, ‘ಎಲವೋ’ ಎಂದರೆ ನರಕ ಎಂದದ್ದು, ಒಂದು ಕರೆಯಲ್ಲಿ ಎದುರಿಗಿರುವವರ ಘನತೆಯೇ ಅಡಗಿರುತ್ತದೆ ಎಂಬುದಕ್ಕೆ ನಾನು ಬಲ್ಲ ಅತ್ಯುತ್ತಮ ಸಾಕ್ಷಿ. ನಿಮ್ಮ ಪಾತ್ರ ಯಾರನ್ನು ಕರೆಯುತ್ತಿದೆ?

ಪ್ರಶ್ನೆ ಕೇಳಿದವರು: ಮಗಳು ಅಳಿಯಂದಿರ ದಾರಿಯನ್ನು ಬೆಳಗಿನಿಂದ ಕಾಯುತ್ತಿದ್ದ ತಾಯಿಯ ಮಾತು ಅದು. ಹಾಗಾಗಿ ‘ಅಬ್ಬಾ, ಬಂದಿರಾ’ ಎಂದೇ ತಿದ್ದುತ್ತೇನೆ, ಚಿಹ್ನೆಯನ್ನು ತೆಗೆಯುತ್ತೇನೆ.