‘ಟ್ವಿಸ್ಟ್’ಗೆ ತಿರುವು ಸಾಕಾ, ಮಗುಚು ಬೇಕಾ?

ಸಿನಿಮಾದ ‘ಟ್ವಿಸ್ಟ್’ಗೆ ನೀವೆಲ್ಲ ಏನಂತ ಬರೀತೀರಿ? ಇಲ್ಲಿ ಶಿಡ್ಲಘಟ್ಟದ ಹತ್ತಿರ ನಮ್ಮೂರ ಕಬಡ್ಡಿ ಹುಡುಗರಿಗೆ ಆಗಾಗ ಆಟದ ಸಿನಿಮಾ ತೋರಿಸುತ್ತೇವೆ. ಒಂದು ಬಿಳಿ ಪಂಚೆ, ಒಂದು ಪ್ರೊಜೆಕ್ಟರ್, ಅಷ್ಟೇ. ಈ ಸಲ ಗೋಡೆಗೆ ಅಂಟಿಸುವ ಹಾಳೆಯಲ್ಲಿ ‘ಕೊನೆಯಲ್ಲಿ ಭಾರೀ ತಿರುವು’ ಎಂದು ಬರೆದೆ. ಯಾಕೋ ಸಪ್ಪೆ ಅನ್ನಿಸಿತು.

ತಿರುವು ಅಂದರೆ ನನಗೆ ನಂದಿ ಬೆಟ್ಟದ ರಸ್ತೆ. ಮುಂದೆ ತಿರುವಿದೆ ಅಂತ ಮೊದಲೇ ಗೊತ್ತು, ಗೇರ್ ಇಳಿಸಿಕೊಂಡೇ ಹೋಗುತ್ತೇವೆ. ಬೆಚ್ಚುವ ಮಾತೆಲ್ಲಿ? ನಮ್ಮಲ್ಲಿ ತೆಲುಗು ಮನೆಮಾತಿನವರು ಹೇಳುವ ‘ಮಲುಪು’ ಕೂಡ ಅದೇ ರಸ್ತೆಯದು.

ಪಕ್ಕದ ಬೀದಿಯಲ್ಲಿ ರೇಷ್ಮೆ ಎಳೆಗೆ ಹುರಿ ಹಾಕುವ ಮಿಷನ್ ಇದೆ. ‘ಟ್ವಿಸ್ಟಿಂಗ್ ಅಂದ್ರೆ ಹುರಿ ಹಾಕೋದು ತಾನೆ? ಕಥೆಗೂ ಹುರಿ ಅನ್ನಿ’ ಎಂದರು ಯಜಮಾನರು. ಚೆನ್ನಾಗಿದೆ. ಆದರೆ ಹುರಿ ಹಾಕಿದರೆ ಎಳೆ ಗಟ್ಟಿಯಾಗುತ್ತದೆ. ‘ಹುರಿಗಟ್ಟಿದ ಮೈ’ ಅಂತೀವಲ್ಲ, ಹಾಗೆ. ಓದುವವರು ಕಥೆ ಬಿಗಿಯಾಗಿದೆ ಅಂದುಕೊಳ್ಳುತ್ತಾರೆ.

‘ತಿರುಚು’ ಇನ್ನೂ ಕಷ್ಟ. ಮಾತು ತಿರುಚಿದ ಅಂದರೆ ಸುಳ್ಳು ಸೇರಿಸಿದ ಅಂತ. ಮಜಾ ಏನಂದರೆ ಒಂದು ಸಿನಿಮಾಕ್ಕೆ ಇದು ಎರಡೂ ಅರ್ಥದಲ್ಲಿ ಒಪ್ಪುತ್ತದೆ. ‘ದಂಗಲ್’ (2016) ನೋಡಿದ್ದೀರಲ್ಲ? 2010ರ ದೆಹಲಿ ಕಾಮನ್‌ವೆಲ್ತ್ ಕೂಟದ ಕುಸ್ತಿ ಫೈನಲ್ ಹೊತ್ತಿಗೆ ಗೀತಾಳ ಅಪ್ಪನನ್ನು ಕೋಣೆಯಲ್ಲಿ ಕೂಡಿಹಾಕುತ್ತಾರೆ. ಗೀತಾ ಫೋಗಟ್ 55 ಕೆ.ಜಿ. ವಿಭಾಗದಲ್ಲಿ ಚಿನ್ನ ಗೆದ್ದಿದ್ದು ನಿಜ. ಅಪ್ಪನಿಗೆ ಬೀಗ ಹಾಕಿದ್ದು ಸಿನಿಮಾದವರು ಕಟ್ಟಿದ್ದು. ಕಥೆಯೂ ತಿರುಗಿತು, ನಡೆದದ್ದನ್ನೂ ತಿರುಚಿದರು!

‘ಲಗಾನ್’ (2001) ಕೊನೆಯಲ್ಲಿ ನೋಬಾಲ್ ಬರುತ್ತಲ್ಲ, ಅದಕ್ಕೆ ತಿರುವು ಸಾಕು. ಮುಗೀತು ಅಂದುಕೊಂಡ ಆಟಕ್ಕೆ ಇನ್ನೊಂದು ಚೆಂಡು ಸಿಕ್ಕಿತು, ಅಷ್ಟೇ. ಹಿಂದೆ ನೋಡಿದ್ದು ಏನೂ ಬದಲಾಗಲಿಲ್ಲ.

ಈ ಸಲ ತೋರಿಸಿದ್ದು ‘ರಾಕಿ’. ಕೊನೆ ಹೇಳಿಬಿಟ್ಟೆ ಅಂತ ಬೈಬೇಡಿ, 1976ರ ಇಂಗ್ಲಿಷ್ ಬಾಕ್ಸಿಂಗ್ ಸಿನಿಮಾ. ಹದಿನೈದು ಸುತ್ತು ಗುದ್ದಾಡಿ ಹೀರೊ ಸೋಲುತ್ತಾನೆ, ಅದೂ ತೀರ್ಪುಗಾರರಲ್ಲೇ ಒಮ್ಮತವಿಲ್ಲದ ತೀರ್ಪಿನಲ್ಲಿ. ಹುಡುಗರು ‘ಸೋತ್ಬಿಟ್ನಾ?’ ಅಂತ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಂದು ನಿಮಿಷ ಬಿಟ್ಟು ನಮ್ಮ ರೈಡರ್ ಹುಡುಗ ಅಂದ: ‘ಮಗುಚಾಕ್ಬಿಟ್ರು ಅಣ್ಣ. ಅವನು ಗೆಲ್ತೀನಿ ಅಂತ ಹೇಳೇ ಇರ್ಲಿಲ್ಲ!’

ಹೌದಲ್ವಾ! ಹಿಂದಿನ ರಾತ್ರಿಯೇ ರಾಕಿ ಹೇಳಿರುತ್ತಾನೆ, ಎದುರಾಳಿಯನ್ನು ಸೋಲಿಸೋಕೆ ನನ್ನ ಕೈಲಾಗಲ್ಲ, ಕೊನೆಯ ಸುತ್ತಿನ ಗಂಟೆ ಹೊಡೆಯುವವರೆಗೂ ನಿಂತಿದ್ದರೆ ಸಾಕು ಅಂತ. ನಾವೇ ಕಿವಿಗೆ ಹಾಕಿಕೊಂಡಿರಲಿಲ್ಲ.

ಕಾವಲಿಯ ಮೇಲೆ ದೋಸೆ ಮಗುಚುತ್ತೇವೆ. ಹೊಸ ಹಿಟ್ಟೇನೂ ಬೀಳಲ್ಲ. ಅದೇ ದೋಸೆ, ಕಾಣದೆ ಇದ್ದ ಮಗ್ಗುಲು ಮೇಲೆ ಬರುತ್ತದೆ, ಅದು ಆಗಲೇ ಬೆಂದಿರುತ್ತದೆ. ಒಳ್ಳೆಯ ಟ್ವಿಸ್ಟ್ ಕೂಡ ಹೀಗೇ ಅನ್ನೋದು ನನ್ನ ಲೆಕ್ಕ.

ತೊಡಕು ಒಂದೇ. ‘ಕಥೆ ಮಗುಚಿತು’ ಸರಿ, ಹೆಸರುಪದ ಏನು ಮಾಡೋದು? ‘ಮಗುಚುವಿಕೆ’ಗೆ ಪರೀಕ್ಷೆಯ ವಾಸನೆ. ಸುಮ್ನೆ ‘ಮಗುಚು’ ಅಂತ ಬರೆದರೆ ಹೇಗೆ ಎಂದು ಮನೆಯಲ್ಲಿ ಕೇಳಿದೆ. ‘ಕೊನೆಯಲ್ಲಿ ಭಾರೀ ಮಗುಚು ಅಂದ್ರೆ ಕೋಲಾರದ ಟೊಮೆಟೊ ಲಾರಿ ಬಿತ್ತು ಅಂದ್ಕೋತಾರೆ’ ಎಂದಳು ಹೆಂಡತಿ.

ತುಮಕೂರು, ತಿಪಟೂರು ಕಡೆಯವರು ಹೇಳಿ, ನಿಮ್ಮಲ್ಲಿ ‘ಮಗುಚು’ ಹೆಸರುಪದವಾಗಿ ಬಳಕೆಯಲ್ಲಿದೆಯಾ? ಹಾಳೆ ಇನ್ನೂ ಅಂಟಿಸಿಲ್ಲ, ಮುಂದಿನ ಸಿನಿಮಾಕ್ಕೆ ಬೇಕು.